ಸುಕ್ಕು ಬೇಕಾದ ವಿಮಾನ

2023ರಲ್ಲಿ ನಾನು ಅಬುಧಾಬಿಯ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ವಸ್ತುಪ್ರದರ್ಶನಗಳಿಗೆ ಹಡಗು, ವಿಮಾನಗಳ ದೊಡ್ಡ ಮಾಡೆಲ್ ಮಾಡಿಕೊಡುವುದು ನಮ್ಮ ಕೆಲಸ. ಆ ವರ್ಷ ದುಬೈಯ ಒಬ್ಬ ಶ್ರೀಮಂತ ಸಂಗ್ರಾಹಕರು ಬಿ-52 ಬಾಂಬರ್ ಬೇಕೆಂದರು. ಅಳತೆ ಅಸಲಿನ ಹತ್ತನೇ ಒಂದು ಪಾಲು. ಅಷ್ಟಕ್ಕೇ ರೆಕ್ಕೆಯ ತುದಿಯಿಂದ ತುದಿಗೆ ಐದೂವರೆ ಮೀಟರ್ ದಾಟಿತು.

ಈ ವಿಮಾನ ಮೊದಲು ಹಾರಿದ್ದು 1952ರಲ್ಲಿ. ಕೊನೆಯದು ಕಾರ್ಖಾನೆ ಬಿಟ್ಟದ್ದು 1962ರಲ್ಲಿ. ಎಂಟು ಎಂಜಿನ್, ಖಂಡ ದಾಟುವ ದೂರ. ಅದರ ಜಾಗಕ್ಕೆಂದು ಬಂದ ಹೊಸ ಬಾಂಬರ್‌ಗಳು ನಿವೃತ್ತಿಯ ದಾರಿ ಹಿಡಿದಿದ್ದರೂ ಇದನ್ನು ಮಾತ್ರ ಎಂಜಿನ್ ಬದಲಿಸಿ 2050ರ ನಂತರವೂ ಹಾರಿಸುವ ಯೋಜನೆ ಇದೆ. ಅದರ ಮೈತಗಡು ತೆಳು. ನೆಲದ ಮೇಲೆ ನಿಂತಾಗ ಮೂತಿಯ ಭಾರಕ್ಕೆ ಪಕ್ಕೆಯಲ್ಲಿ ಸುಕ್ಕು ಬೀಳುತ್ತದೆ, ಹಾರಿದಾಗ ಬಹುಪಾಲು ಮಾಯವಾಗುತ್ತದಂತೆ. ಗಿರಾಕಿಗೆ ಆ ಸುಕ್ಕು ಬೇಕೇ ಬೇಕಿತ್ತು.

ನಮ್ಮಲ್ಲಿ ಫಿನಿಶಿಂಗ್ ಮಾಡುತ್ತಿದ್ದವರು ಉಪ್ಪಿನಂಗಡಿಯ ಹಮೀದ್. ನಮಗೆಲ್ಲ ಹಮೀದಾಕ. ಇಲ್ಲಿನ ಗ್ಯಾರೇಜುಗಳಲ್ಲಿ ಕಾರುಗಳ ಡೆಂಟ್ ತೆಗೆದು, ಪೇಂಟ್ ಹೊಡೆದು ಆಯುಷ್ಯ ಕಳೆದವರು. ಮಂಡಿ ಸವೆದಿತ್ತು, ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ಇಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಬೇಕಾದವರು ಮಾಲೀಕರೇ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸಿ ಎಂದು ಕೇಳಿಕೊಂಡಾಗಲೆಲ್ಲ ನಮ್ಮ ಮಾಲೀಕರು, ಭಟ್ಕಳದವರು, "ಈ ಕೆಲಸ ಒಂದು ಮುಗಿಸಿ ಹೋಗಿ" ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಈ ಬಾಂಬರ್ ಮುಗಿದರೆ ಖಂಡಿತ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದರು.

ಬೇರೊಂದು ಕೆಲಸದ ಅಳತೆಗೆಂದು ನಾನು ದೂರದ ರುವೈಸ್ ಊರಿಗೆ ಹೋದ ದಿನ, ನಮ್ಮ ಫಿಟ್ಟರ್‌ಗಳು ಫೋಟೊ ನೋಡಿ ಕಷ್ಟಪಟ್ಟು ಮಾಡಿಟ್ಟಿದ್ದ ಸುಕ್ಕುಗಳನ್ನೆಲ್ಲ ಹಮೀದಾಕ ಪುಟ್ಟಿ ತುಂಬಿ, ತಿಕ್ಕಿ, ಕನ್ನಡಿಯಂತೆ ಮಾಡಿಬಿಟ್ಟಿದ್ದರು. ಡೆಂಟ್ ಇರುವ ತಗಡಿಗೆ ಪೇಂಟ್ ಹೊಡೆಯಲು ಅವರ ಕೈ ಒಪ್ಪುವುದಿಲ್ಲ. ಮರುದಿನ ನನ್ನನ್ನು ಕಂಡವರೇ ಸಂಭ್ರಮದಿಂದ, "ಫಿಟ್ಟರ್‌ಗಳು ತಗಡು ಹಾಳು ಮಾಡಿದ್ರು ಶೆಟ್ರೆ. ನಾನು ಸರಿ ಮಾಡಿಟ್ಟಿದ್ದೇನೆ" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸುಸ್ತಾಯಿತು. ಸುಕ್ಕು ಗಿರಾಕಿಗೆ ಬೇಕೆಂದೇ ಮಾಡಿಸಿದ್ದು ಎಂದು ತಿಳಿಸಿ, ಅಸಲಿ ವಿಮಾನದ ಫೋಟೊ ತೋರಿಸಿದೆ.

ಅವರು ಫೋಟೊವನ್ನು ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ತೆಗೆದದ್ದನ್ನು ಈಗ ನಾನೇ ಹಾಕಬೇಕಾ ಮಾರಾಯ್ರೆ? ಇದು ಇನ್ನೂ ಹಾರ್ತದಾ?"

"ಹಾರುತ್ತದೆ. ಇನ್ನೂ ಮೂವತ್ತು ವರ್ಷ ಹಾರಿಸುತ್ತಾರಂತೆ."

"ಪಾಪ," ಎಂದರು ಹಮೀದಾಕ. "ಇದರ ಅರಬಾಬನಿಗೂ ಬೇರೆ ಜನ ಸಿಗ್ಲಿಲ್ಲ ಕಾಣ್ತದೆ."

ಅರಬಾಬ್ ಎಂದರೆ ಇಲ್ಲಿ ಧಣಿ. ಇಬ್ಬರೂ ನಕ್ಕೆವು. ಆಮೇಲೆ ಅವರು ಪುಟ್ಟಿ ಕೆರೆದು, ಮರದ ಸುತ್ತಿಗೆ ಹಿಡಿದು ಕೂತರು. ವಾರ ಕಳೆಯುವಷ್ಟರಲ್ಲಿ ಆ ಪಕ್ಕೆಗೆ ನಿಜವಾದ ವಯಸ್ಸು ಬಂದಿತ್ತು. ಗಿರಾಕಿ ಅದರ ಮೇಲೆ ಕೈಯಾಡಿಸಿ, ಇಂಥದ್ದೇ ಇನ್ನೊಂದು ಬೇಕೆಂದು ಅಲ್ಲೇ ಆರ್ಡರ್ ಕೊಟ್ಟರು. ಹಮೀದಾಕನ ಮುಖ ಇಳಿದದ್ದನ್ನು ನಾನು ನೋಡಿದೆ.

ನಿರೀಕ್ಷಿಸಿದ್ದೇ ಆಯಿತು. ಮಾಲೀಕರು ನನ್ನನ್ನು ಒಳಗೆ ಕರೆದು, "ಇನ್ನೊಂದು ಮುಗಿಸಿ ಹೋಗಲಿ. ಅವರಿಲ್ಲದೆ ಆಗುವುದಿಲ್ಲ" ಎಂದರು.

"ಆಗುತ್ತದೆ. ನಾನು ಕಲಿತುಕೊಂಡಿದ್ದೇನೆ, ನಾನೇ ಮಾಡುತ್ತೇನೆ. ಅವರನ್ನು ಕಳಿಸಿ," ಎಂದೆ. ಕಲಿತಿದ್ದೆ ಎಂಬುದು ಶುದ್ಧ ಸುಳ್ಳು. ಮಾಲೀಕರು ಕೊನೆಗೆ ಒಪ್ಪಿದರು.

ಹಮೀದಾಕ ಊರಿಗೆ ಹೋದರು. ಎರಡನೆಯ ವಿಮಾನದ ಸುಕ್ಕುಗಳನ್ನು ನಾನೇ ಹಾಕಿದೆ. ಚೆನ್ನಾಗಿ ಬರಲಿಲ್ಲ. ಗಿರಾಕಿ ಅದನ್ನೂ ಸಂತೋಷದಿಂದಲೇ ಒಯ್ದರು.

ನೀನಿಲ್ಲದೆ ಆಗುವುದಿಲ್ಲ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಹೊಗಳಿಕೆ ಎಂದೇ ತಿಳಿದಿದ್ದೆ. ಬದಲಿ ಹುಡುಕುವ ತಾಪತ್ರಯ ತಪ್ಪಿಸಿಕೊಳ್ಳಲು ಆಡುವ ಮಾತು ಅದು, ಅಷ್ಟೇ. ವೃತ್ತಿ ನನಗೆ ಕಲಿಸಿದ್ದು ಇದು, ತಡವಾಗಿಯಾದರೂ.

ಈಚೆಗೆ ನಾನೂ ರಾಜೀನಾಮೆ ಕೊಟ್ಟೆ. ಮಾಲೀಕರು ಓದಿ, ಮಡಚಿ ಡ್ರಾಯರಿನಲ್ಲಿಟ್ಟು, "ಶೆಟ್ರೆ, ಈ ಕೆಲಸ ಒಂದು ಮುಗಿಸಿ ಹೋಗಿ" ಎಂದರು.

ಇದನ್ನು ಮುಸಫ್ಫಾದಲ್ಲೇ ಕೂತು ಬರೆಯುತ್ತಿದ್ದೇನೆ.