ದೊಡ್ಡಮ್ಮನ ಖಾಲಿ ಹೊಟ್ಟೆ

ಮೊನ್ನೆ ಆಫೀಸಿನಲ್ಲಿ ಯಾರೋ ಕಿತ್ತಳೆ ವಾಸನೆಯ ಗ್ಲೂಕೋಸ್ ಪುಡಿಯ ಪೊಟ್ಟಣ ಒಡೆದರು. ಕಣ್ಣ ಮುಂದೆ ಮತ್ತೆ ಅದೇ ರೈಲು, ಅದೇ ಕಚ್ಚಿಕೊಂಡ ಹಲ್ಲು...

ಕಾಮಸಮುದ್ರದ ಹತ್ತಿರ ನಮ್ಮೂರು. ಎದುರುಮನೆಯ ಹಿರಿಯಾಕೆಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಅವರಿಗೂ ಅವರ ತಂಗಿಗೂ ಸಕ್ಕರೆ ಕಾಯಿಲೆ. ಕಿಡ್ನಿ ಕೆಟ್ಟು ತಂಗಿ ತೀರಿಕೊಂಡ ಮೇಲೆ, ಬೆಂಗಳೂರಿನ ಆಸ್ಪತ್ರೆಯೊಂದು ಆ ಕಾಯಿಲೆಯ ಮೇಲೆ ನಡೆಸುತ್ತಿದ್ದ ಸಂಶೋಧನೆಗೆ ದೊಡ್ಡಮ್ಮ ತಾವಾಗಿಯೇ ಸೇರಿದರು.

"ನನ್ ರಕ್ತ ನೋಡಿ ಇನ್ನೊಬ್ಬಳ ಕಿಡ್ನಿ ಉಳುದ್ರೆ ಸಾಕು ಕಣ್ಲಾ" ಎನ್ನುತ್ತಿದ್ದರು.

ಅವರ ಬಳಿ ಫೋನ್ ಇಲ್ಲದ್ದರಿಂದ ನನ್ನ ನಂಬರ್ ಕೊಟ್ಟಿದ್ದರು. ರಕ್ತ ಕೊಡುವ ದಿನ ತಿಳಿಸಲು ಆಸ್ಪತ್ರೆಯವರು ಫೋನ್ ಮಾಡಿದಾಗ ದೊಡ್ಡಮ್ಮನ ಕೈಗೆ ಕೊಟ್ಟೆ. "ಖಾಲಿ ಹೊಟ್ಟೇಲಿ ಬನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ.

ದೊಡ್ಡಮ್ಮ ಶಿವರಾತ್ರಿಯ ಉಪವಾಸವನ್ನೇ ಹಿಡಿದರು. ಹಿಂದಿನ ದಿನ ಬೆಳಗಿನಿಂದ ತುತ್ತು ಅನ್ನವಿಲ್ಲ, ತೊಟ್ಟು ನೀರಿಲ್ಲ. ಆದರೆ ಸಕ್ಕರೆಯ ಮಾತ್ರೆ ತಪ್ಪಿಸಲಿಲ್ಲ. ಉಪವಾಸದ ದಿನ ಮಾತ್ರೆಯನ್ನು ಊಟವೆಂದು ಯಾರು ಎಣಿಸುತ್ತಾರೆ? ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮರುದಿನ ಬಂಗಾರಪೇಟೆಯಲ್ಲಿ ನಾನು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ರೈಲನ್ನೇ ನಗುತ್ತಾ ಹತ್ತಿದರು. ಟೇಕಲ್ ದಾಟುವಷ್ಟರಲ್ಲಿ ಸಕ್ಕರೆ ಇಳಿದು ಮೈಯೆಲ್ಲ ಬೆವರು, ಕೈಯಲ್ಲಿ ನಡುಕ. ಎದುರು ಕೂತಿದ್ದ ಹೆಂಗಸು ಚೀಲದಿಂದ ಗ್ಲೂಕೋಸ್ ಪುಡಿ ತೆಗೆದು ನೀರಿಗೆ ಕಲಸಿದರು. ದೊಡ್ಡಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಕುಡೀರಿ ದೊಡ್ಡಮ್ಮ, ಸತ್ತೋಗ್ತೀರಾ!" ಎಂದು ಕೂಗಿದೆ.

"ಬ್ಯಾಡ ಕಣ್ಲಾ... ನೀರು ಬೆರ್ಸಿದ ಹಾಲು ಡೈರಿಗೆ ಆಕ್ದಂಗಾಯ್ತದೆ. ಡಾಕ್ಟ್ರಮ್ಮಂಗೆ ಮೋಸ ಮಾಡ್ಬಾರ್ದು."

"ಜೀವ ಇದ್ರೆ ತಾನೇ ನಮ್ಮಮ್ಮ, ರಕ್ತ ಕೊಡೋದು!" ಎಂದು ಆ ಹೆಂಗಸು ಗದರಿ, ಲೋಟ ತುಟಿಗಿಟ್ಟರು. ಅರ್ಧ ಸೀರೆಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಮಾಲೂರಿನಲ್ಲಿ ಇಳಿಸಿ ಅಲ್ಲಿನ ಆಸ್ಪತ್ರೆಗೆ ಸೇರಿಸಿದೆ. ಚೇತರಿಸಿಕೊಂಡು ಆಡಿದ ಮೊದಲ ಮಾತು, "ಕೆಡಿಸ್ಬುಟ್ಟೆ ಕಣ್ಲಾ ನನ್ ರಕ್ತಾನ."

ಮನೆಯವರು ಮತ್ತೆ ಅವರನ್ನು ಕಳಿಸಲಿಲ್ಲ. ಕಳೆದ ಮಳೆಗಾಲದಲ್ಲಿ ಅವರ ಕಿಡ್ನಿಯೂ ಸೋತಿತು...

ಆ ಹಟ ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಫೋನಿನ ಮೇಲೆ. ಅಷ್ಟು ನೇಮದಿಂದ ಹೊರಟವರಿಗೆ ಇನ್ನೆರಡು ಮಾತು ಹೇಳಲು ಏನು ಕಷ್ಟವಿತ್ತು?

ನಿನ್ನೆ ಬೆಂಗಳೂರಿನ ಆ ಆಸ್ಪತ್ರೆಯಿಂದ ನನಗೆ ಫೋನ್ ಬಂತು. "ಅವ್ರು ಆಗ ಬರ್ಲೇ ಇಲ್ಲ, ಈ ಸಲ ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ ಸಾರ್."

ಅಂದು ಅವರು ಹೇಳದೆ ಬಿಟ್ಟದ್ದನ್ನು ಕೇಳಿದೆ. "ನೀರು ಕುಡೀಬಹುದಾ? ಸಕ್ಕರೆ ಮಾತ್ರೆ?"

"ನೀರು ಧಾರಾಳವಾಗಿ ಕುಡೀಲಿ. ಮಾತ್ರೆ, ರಕ್ತ ಕೊಟ್ಟು ತಿಂಡಿ ತಿಂದ್ಮೇಲೆ ತಗೊಳ್ಲಿ."

ಇಷ್ಟೇ ಮಾತು. ದೊಡ್ಡಮ್ಮ ಇನ್ನಿಲ್ಲವೆಂದು ಹೇಳಲು ಬಾಯಿ ತೆರೆದೆ... ಆ ಕಡೆಯವರು ಆಗಲೇ ಫೋನ್ ಇಟ್ಟಿದ್ದರು.