ಕಣ್ಣಿಗೆ ತಂಪು ಎಂದು ಮಾರಿದ ಗಾಜು

ಬೆಲೆ ಬಾಳುವ ಸಾಮಾನನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ಕೊಳ್ಳಬೇಡಿ. ಮನೆಗೆ ತಂದು, ಅದು ಕೂರಬೇಕಾದ ಜಾಗದಲ್ಲೇ ಕೂರಿಸಿ, ಬಳಸಬೇಕಾದವರ ಕೈಗೇ ಕೊಟ್ಟು ನೋಡಿ. ಅಂಗಡಿ ಇಟ್ಟವನೇ ಹೇಳುತ್ತಿದ್ದೇನೆ, ನಂಬಿ.

ಅರಕಲಗೂಡಿನ ಸಂತೆಯಲ್ಲಿ ಟಾರ್ಚು, ಬ್ಯಾಟರಿ ಹರವಿಕೊಂಡು ಕೂತು ವ್ಯಾಪಾರ ಕಲಿತವನು ನಾನು. ಆಮೇಲೆ ಹೊಳೆನರಸೀಪುರದಲ್ಲಿ ಟಿವಿ, ಮಿಕ್ಸಿಯ ಅಂಗಡಿ ಇಟ್ಟೆ. ತೊಂಬತ್ತರ ದಶಕದಲ್ಲಿ ಟಿವಿ ಕೊಂಡವರಿಗೆಲ್ಲ ಅದರ ಮುಂದೆ ನೇತುಹಾಕುವ ನೀಲಿ ಗಾಜೊಂದನ್ನೂ ಸೇರಿಸಿ ಮಾರುತ್ತಿದ್ದೆ. "ಕಣ್ಣಿಗೆ ತಂಪು" ಎಂದರೆ ಸಾಕು, ಯಾರೂ ಬೇಡ ಅನ್ನುತ್ತಿರಲಿಲ್ಲ. ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಬಂದು ಬರೀ ಗಾಜು ಕೊಂಡವರೂ ಉಂಟು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ನಮ್ಮ ಮನೆಯ ಟಿವಿಗೇ ಹಾಕಿದ್ದೆ. ನಮ್ಮವರ ಕಣ್ಣಲ್ಲವೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಹೆಂಡತಿಯ ಕಣ್ಣು ಮಂಜಾಗತೊಡಗಿತು. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನೋಟದ ಅಂಚೆಲ್ಲ ಚೆನ್ನಾಗಿತ್ತು, ನಟ್ಟನಡುವೆ ಮಾತ್ರ ಮಸಿ ಮೆತ್ತಿದ ಹಾಗೆ. ಎದುರು ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹಾಸನದ ಕಣ್ಣಿನ ಡಾಕ್ಟರು ನೇರವಾಗಿ ಹೇಳಿದರು: ಇದಕ್ಕೆ ಆಪರೇಷನ್ ಇಲ್ಲ, ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ, ಇರುವ ನೋಟವನ್ನೇ ದುಡಿಸಿಕೊಳ್ಳಬೇಕು. ಅದಕ್ಕೆ ಟಿವಿಗೆ ಜೋಡಿಸುವ ಒಂದು ಯಂತ್ರ ಬಂದಿದೆ, ಟಿವಿಗೆ ಎಷ್ಟು ಹತ್ತಿರ ಕೂತರೂ ಕಣ್ಣು ಕೆಡುವುದಿಲ್ಲ ಎಂದೂ ಹೇಳಿದರು.

ಪಾಠ ಬಾಯಿಗೇ ಬರುತ್ತಿದ್ದುದರಿಂದ ತರಗತಿ ಹೇಗೋ ನಡೆಯುತ್ತಿತ್ತು. ಕುತ್ತಿಗೆಗೆ ಬಂದದ್ದು ಉತ್ತರ ಪತ್ರಿಕೆ ತಿದ್ದುವ ಕೆಲಸ.

"ನಾನು ಓದ್ತೀನಿ, ನೀನು ಮಾರ್ಕ್ಸ್ ಹಾಕು," ಎಂದೆ.

"ನೀವು ಓದಿದ್ರೆ ಎಲ್ಲಾ ಮಕ್ಕಳೂ ಪಾಸು ಕಣ್ರೀ. ನಿಮ್ಮ ಬಾಯಲ್ಲಿ ಕೆಟ್ಟ ಸಾಮಾನು ಅಂತ ಯಾವುದಿದೆ?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಈ ಅರ್ಧವಾರ್ಷಿಕ ಪೇಪರ್ ನಾನೇ ತಿದ್ದಕ್ಕಾಗ್ಲಿಲ್ಲ ಅಂದ್ರೆ ಕೆಲಸ ಬಿಟ್ಬಿಡ್ತೀನಿ. ಕಾಣದೆ ಮಾರ್ಕ್ಸ್ ಹಾಕೋದು ಮಕ್ಕಳಿಗೆ ಮೋಸ."

ಅವಳು ಒಮ್ಮೆ ಹೇಳಿದರೆ ಮುಗಿಯಿತು. ಮಾರನೆಯ ದಿನವೇ ಹಾಸನಕ್ಕೆ ಹೋದೆ. ಕನ್ನಡಕದ ಅಂಗಡಿಯೊಂದರಲ್ಲಿ ಆ ಯಂತ್ರವಿತ್ತು. ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ವೈರು. ವೈರನ್ನು ಟಿವಿಗೆ ಸಿಕ್ಕಿಸಿ, ಕ್ಯಾಮೆರಾವನ್ನು ಹಾಳೆಯ ಮೇಲೆ ಇಸ್ತ್ರಿಪೆಟ್ಟಿಗೆಯಂತೆ ಸರಿಸಿದರೆ ಒಂದೊಂದು ಅಕ್ಷರವೂ ತೆಂಗಿನಕಾಯಿ ಗಾತ್ರ. ಗುಂಡಿ ಒತ್ತಿದರೆ ಬಿಳಿ ಹಾಳೆ ಕಪ್ಪಾಗಿ, ಅಕ್ಷರ ಬೆಳ್ಳಗಾಗುತ್ತಿತ್ತು.

"ಮನೇಲಿಟ್ಟು ನೋಡ್ತೀನಿ. ನಮ್ಮನೆಯೋಳಿಗೆ ಕಂಡ್ರೆ ನಂದು, ಕಾಣದಿದ್ರೆ ನಿಂದು," ಎಂದೆ.

"ಇದೇನ್ ಸಾ ಸೀರೇನಾ, ಉಟ್ಟು ನೋಡಿ ವಾಪಸ್ ಕೊಡಕ್ಕೆ?"

"ಸೀರೆ ಆಗಿದ್ರೆ ಅವ್ಳೇ ಬತ್ತಿದ್ಲು, ನನ್ನ ಕಳಿಸ್ತಿರ್ಲಿಲ್ಲ. ನಾನೂ ಅಂಗಡಿ ಇಟ್ಟೋನೇ ಕಣಯ್ಯ."

ಎರಡು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಕೊನೆಗೆ ಆತ, "ದಸರಾ ರಜೆ ಮುಗಿಯೋ ಗಂಟ ಇಟ್ಕಳಿ ಸಾ. ಗೀರು ಬಿದ್ರೆ ಮಾತ್ರ ನಿಮ್ದೇಯ," ಎಂದು ಒಪ್ಪಿದ.

ರಜೆಗೆ ಪೇಪರಿನ ಕಟ್ಟೂ ಮನೆಗೆ ಬಂತು. ಯಂತ್ರ ಜೋಡಿಸಿದೆ. ಅಕ್ಷರ ದೊಡ್ಡದಾದದ್ದು ನಿಜ, ಆದರೆ ಕೆಸರುನೀರಿನಲ್ಲಿ ಮುಳುಗಿದ ಹಾಗಿತ್ತು. ಕಿಟಕಿಯ ಬಿಂಬ, ಅವಳ ಮುಖದ ಬಿಂಬ ಎಲ್ಲವೂ ಅಕ್ಷರದ ಮೇಲೆಯೇ. ಅವಳು ಮೂಗು ತಾಗುವಷ್ಟು ಹತ್ತಿರ ಹೋದಳು. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನಮ್ಮವ್ವ ಸುಮ್ಮನಿರಲಿಲ್ಲ.

"ಅಯ್ಯೋ, ಅದೇನವ್ವಾ, ಟಿವಿಗೆ ಮುತ್ತು ಕೊಡ್ತಿದ್ದೀಯಾ? ಅಷ್ಟತ್ರ ಓದ್ರೆ ಇರೋ ಕಣ್ಣೂ ಓಯ್ತದೆ ಕಣ. ಈಚೆ ಬಾ."

ಡಾಕ್ಟರು ಹೇಳಿದ್ದನ್ನು ನಾನು ಅವ್ವನಿಗೆ ತಿಳಿಸಿ ಹೇಳುವಷ್ಟರಲ್ಲಿ ಇವಳು ಈಚೆ ಬಂದಾಗಿತ್ತು. ಮತ್ತೆರಡು ದಿನ ಪ್ರಯತ್ನಪಟ್ಟಳು. ಒಂದು ಪತ್ರಿಕೆಯೂ ಮುಗಿಯಲಿಲ್ಲ. ಕಟ್ಟಿಗೆ ಮತ್ತೆ ದಾರ ಸುತ್ತಿ, "ವಾಪಸ್ ಕೊಟ್ಬಿಡಿ. ಹೆಡ್‌ಮಾಸ್ಟರಿಗೆ ನಾನೇ ಹೇಳ್ತೀನಿ," ಎಂದಳು. ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಇಲ್ಲಿ ಯಾಕೆ ಹೀಗೆ? ಕನ್ನಡಕದವನೇ ನನಗೆ ಟೋಪಿ ಹಾಕಿದ ಎಂದುಕೊಂಡು ಯಂತ್ರವನ್ನು ಡಬ್ಬಿಗೆ ತುಂಬಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವ್ವ ಬೆಳಿಗ್ಗೆಯೇ ಟಿವಿಯ ನೀಲಿ ಗಾಜು ಕಳಚಿ ಹಿತ್ತಲಿಗೆ ತೊಳೆಯಲು ಒಯ್ದಳು. ಹೋಗುವಾಗ ಡಬ್ಬಿ ಕಣ್ಣಿಗೆ ಬಿತ್ತು.

"ಅದುಕ್ಕೂ ಕುಂಕುಮ ಇಕ್ಲಾ. ಮನೇಲಿರೋ ಗಂಟ ಅದೂ ಆಯುಧನೇಯ. ಕೆಲಸ ಮಾಡೋ ಅಂಗೆ ಜೋಡಿಸಿ ಇಕ್ಕು, ಡಬ್ಬೀಗ್ಯಾರಾದ್ರೂ ಪೂಜೆ ಮಾಡ್ತಾರಾ?"

ಮತ್ತೆ ಜೋಡಿಸಿ, ಕ್ಯಾಮೆರಾವನ್ನು ಪೇಪರಿನ ಕಟ್ಟಿನ ಮೇಲಿಟ್ಟು, ಟಿವಿ ಹಾಕಿದೆ. ಹೂವಿನ ತಟ್ಟೆ ಹಿಡಿದು ಬಂದ ಹೆಂಡತಿ ನಡುಮನೆಯಲ್ಲೇ ನಿಂತುಬಿಟ್ಟಳು.

"ರೀ, ಏನ್ ಮಾಡಿದ್ರಿ ಇದಕ್ಕೆ?"

"ಏನೂ ಇಲ್ವಲ್ಲ."

"ಕಾಣ್ತಿದೆ ಕಣ್ರೀ."

ತಟ್ಟೆ ನನ್ನ ಕೈಗಿಟ್ಟು ಗುಂಡಿ ಒತ್ತಿದಳು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಅಕ್ಷರ ಮೂಡಿತು. ಅವಳು ಜೀವಮಾನವೆಲ್ಲ ನೋಡಿದ್ದು ಅದನ್ನೇ ತಾನೇ. ನನಗೆ ಆಗ ಹೊಳೆಯಿತು. ಹಿತ್ತಲಿಂದ ನೀರು ಸೋರುವ ಗಾಜು ಹಿಡಿದು ಬಂದ ಅವ್ವನನ್ನು ಬಾಗಿಲಲ್ಲೇ ತಡೆದು ವಿಷಯ ಹೇಳಿದೆ.

"ಅಲ್ಲ ಕಣ್ಲಾ, ತಂಪು ತಂಪು ಅಂತ ಊರಿಗೆಲ್ಲ ಮಾರ್ದಲ್ಲ, ಮನೆಯೋಳ ಕಣ್ಗೇ ಪರದೆ ಕಟ್ಟಿದ್ಯಾ!" ಎಂದು ಅವ್ವ ಗಾಜನ್ನು ಮತ್ತೆ ಹಿತ್ತಲಿಗೇ ಒಯ್ದಳು. ಬೇಸಿಗೆಯಲ್ಲಿ ಸಂಡಿಗೆಯ ಮೇಲೆ ಕಾಗೆ ಕೂರದಂತೆ ಮುಚ್ಚಲು ಅದು ಬಹಳ ವರ್ಷ ಬಾಳಿಕೆ ಬಂತು.

ಟಿವಿಯನ್ನು ಶೋಕೇಸಿನಿಂದ ಇಳಿಸಿ ಗಿಡ್ಡ ಮೇಜಿನ ಮೇಲಿಟ್ಟೆ. ಹೆಂಡತಿ ಅದರೆದುರು ಮಣೆ ಹಾಕಿಕೊಂಡು ಮೂಗು ತಾಗಿಸಿಯೇ ಕೂತಳು. ಈ ಸಲ ಅವ್ವನೇ ಎದ್ದು ಬಿಸಿಲು ಬೀಳದಂತೆ ಕಿಟಕಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಇವಳು ಜೋರಾಗಿ ನಗತೊಡಗಿದಳು.

"ಇವನನ್ನ ನೋಡ್ರೀ! ಒಂದೇ ಪ್ಯಾರಾನ ಮೂರು ಸಲ ಬರೆದು ಪುಟ ತುಂಬಿಸಿದ್ದಾನೆ. ಮಿಸ್ಸಿಗೆ ಕಾಣಲ್ಲ ಅಂತ ಧೈರ್ಯ. ಕೆಂಪು ಪೆನ್ ಕೊಡಿ ಇಲ್ಲಿ."

"ಅರ್ಧ ಮಾರ್ಕ್ಸ್ ಆದ್ರೂ ಕೊಡೇ, ಪಾಪ, ಕೈ ನೋಯಿಸ್ಕೊಂಡು ಬರೆದಿದ್ದಾನೆ."

"ಚೌಕಾಸಿ ಏನಿದ್ರೂ ನಿಮ್ಮಂಗಡೀಲಿ," ಎಂದು ಕ್ಯಾಮೆರಾದ ಕೆಳಗೆ ಪೆನ್ನು ತೂರಿಸಿದಳು. ಅವಳೆಳೆದ ಸೊನ್ನೆ ಟಿವಿಯ ತುಂಬ ಗುಂಡಗೆ ಮೂಡಿತು.