ಹಂಚು ಹೊತ್ತವರ ಬಂದರು

ನಾನು ಪದವೀಧರನಾಗುವುದು ಅಸಾಧ್ಯವೆಂದು ಸಾರಿದವರು ನನ್ನ ಸೋದರಮಾವ, ಬಹರೈನಿನ ಅದ್ಲಿಯಾದಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದ ವಾಸುಮಾವ. "ಈಸಾ ಟೌನಿನ ಬಸ್ಸು ದಾರಿ ತಪ್ಪಿ ಸ್ಕಾಟ್ಲೆಂಡಿಗೆ ಹೋದರೂ ಹೋದೀತು ಮಾರಾಯ, ನೀನು ಬಿ.ಎ. ಆಗುದುಂಟಾ?" ಎಂದು ಗಿರಾಕಿಗಳೆದುರೇ ಕೇಳುತ್ತಿದ್ದರು.

ಸ್ಕಾಟ್ಲೆಂಡು ಅವರ ಬಾಯಿಗೆ ಹತ್ತಿದ್ದು ನನ್ನಿಂದಲೇ. ಅಲ್ಲೇ ಸನದ್ ಎಂಬ ಊರಿನ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್. ಸ್ಕಾಟ್ಲೆಂಡಿನವರಾದ ನಮ್ಮ ಸಾಹೇಬರು ಬಹರೈನಿನ ಸೆಕೆಯಲ್ಲಿ ಬೆವರುತ್ತಾ, ತಮ್ಮ ಹುಟ್ಟೂರಿನ ತಣ್ಣನೆಯ ಕರಾವಳಿಯ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ತೊಂಬತ್ತರ ದಶಕದ ಮೂರು ವರ್ಷ, ಪದವಿಯಿಲ್ಲದ ನಾನು ಅವರ ಪದಗಳನ್ನು ಕುಟ್ಟಿದೆ: ಅಲೆ ತಡೆಯುವ ಬಾಗಿದ ಕಲ್ಲುಗೋಡೆಗಳು, ಸುಂಕದ ಮನೆಗಳು, ಉಪ್ಪಿನ ಉಗ್ರಾಣಗಳು, ಕೆಂಪು ಹಂಚಿನ ಮಾಡುಗಳು. ಪ್ರತಿ ಅಧ್ಯಾಯದ ಕೊನೆಗೂ ಹೆಚ್ಚುಕಡಿಮೆ ಒಂದೇ ಮಾತು: ಇಲ್ಲೀಗ ಮೀನುಗಾರರಿಲ್ಲ, ಆದರೆ ಗೋಡೆ ಸುಸ್ಥಿತಿಯಲ್ಲಿದೆ. ಓದುಗರೇ, ಇದಕ್ಕಿಂತ ನಿರ್ದಯವಾದ ವಾಕ್ಯವನ್ನು ನಾನು ಬೇರೆ ಟೈಪು ಮಾಡಿದ್ದಿಲ್ಲ.

ನನ್ನ ಅಪ್ಪ ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿಗಳಿಗೆ, ಅಂದರೆ ಸರಕಿನ ಹಾಯಿದೋಣಿಗಳಿಗೆ, ಹಂಚು ಹೊತ್ತವರು. ಸಾಹೇಬರ ಪುಸ್ತಕದ, ಹಂಚಿನ ಮಾಡುಗಳ ಬಂದರಿನ ಫೋಟೋವೊಂದನ್ನು ಊರಿಗೆ ಕಳಿಸಿದಾಗ ಅಪ್ಪ ಅಕ್ಕನ ಕೈಯಲ್ಲಿ ಬರೆಸಿ ಕೇಳಿದರು: "ಅಲ್ಲಿ ಹಂಚು ಹೊರುವುದು ಯಾರಂತೆ?" ಸಾಹೇಬರು ಎರಡು ದಿನ ಕಾಗದಪತ್ರ ತಡಕಾಡಿ, ಅದನ್ನು ಯಾರೂ ಬರೆದಿಟ್ಟಿಲ್ಲವೆಂದು ನಿಜಕ್ಕೂ ನಾಚಿಕೊಂಡರು. ಈ ಉತ್ತರವನ್ನು ಬಿ.ಎ. ಮುಗಿಸಿ, ಎದುರು ಕೂತು ಅಪ್ಪನಿಗೆ ಹೇಳಬೇಕೆಂದು ಎತ್ತಿಟ್ಟುಕೊಂಡೆ. ಅಪ್ಪ ನನ್ನ ಪದವಿಪತ್ರವನ್ನು ಕೈಯಲ್ಲಿ ಹಿಡಿಯಬೇಕು. ನನಗೆ ಬೇಕಿದ್ದುದು ಅಷ್ಟೇ.

ಅಂಚೆಶಿಕ್ಷಣದ ಕೊನೆಯ ಪರೀಕ್ಷೆಗಳು ಈಸಾ ಟೌನಿನ ಶಾಲೆಯೊಂದರಲ್ಲಿ ನಡೆದವು. ಅವು ಶುರುವಾದ ಮರುದಿನದಿಂದ ವಾಸುಮಾವನ ಕುಹಕ ನಿಂತಿತು. ದಿನಾ ತಾವೇ ಕಾರಿನಲ್ಲಿ ಬಿಟ್ಟು, ಕರೆದುಕೊಂಡು ಹೋಗಿ, ಕುಚ್ಚಲಕ್ಕಿ ಗಂಜಿ ಬಡಿಸಿ, "ಓದು ಮಗಾ" ಎನ್ನುತ್ತಿದ್ದರು. ಕೊನೆಗೂ ನನ್ನ ಮೇಲೆ ಗೌರವ ಹುಟ್ಟಿತಲ್ಲ ಎಂದು ನಾನು, ಇತಿಹಾಸದ ವಿದ್ಯಾರ್ಥಿ, ಒಳಗೊಳಗೇ ಬೀಗಿದೆ.

ಕೊನೆಯ ಪತ್ರಿಕೆಯಲ್ಲಿ ಬಂದರುಗಳ ಬಗ್ಗೆ ಪುಟಗಟ್ಟಲೆ ಬರೆದು ಹೊರಬಂದೆ. ಕಾರಿನಲ್ಲಿ ಮಾವ ಎಂಜಿನ್ ಚಾಲೂ ಮಾಡಲಿಲ್ಲ.

"ಅಪ್ಪ ಹೋದ್ರು ಮಗಾ. ಹನ್ನೆರಡು ದಿನ ಆಯ್ತು."

ಕೊಲ್ಲಿಯಲ್ಲಿರುವವರಿಗೆ ಕೆಟ್ಟ ಸುದ್ದಿಯನ್ನು ಸಮಯ ನೋಡಿ ಹೇಳುವುದು ನಮ್ಮ ಮನೆಗಳ ರೂಢಿ. ದೊಡ್ಡಪ್ಪನ ಮಗ ಕೊಳ್ಳಿಯಿಟ್ಟು, ಉತ್ತರಕ್ರಿಯೆಯೂ ಮುಗಿದಿತ್ತು. "ಹೇಳಿದ್ರೆ ನೀನು ಬರೀತಿದ್ಯಾ?" ಎಂದರು ಮಾವ. ಬರೆಯುತ್ತಿರಲಿಲ್ಲ. ಅವರನ್ನು ಬೈಯಲೂ ಆಗಲಿಲ್ಲ. ನಮ್ಮ ವಂಶದ ಮೊದಲ ಪದವಿ ಹೀಗೆ ಕೈಗೆ ಬಂತು. ಹೆಮ್ಮೆಪಡಲು ಎಷ್ಟು ಪ್ರಯತ್ನಿಸಿದರೂ ಎದೆ ಒಣಗಿಯೇ ಇತ್ತು.

ಮುಂದಿನ ರಜೆಗೆ ಊರಿಗೆ ಹೋಗಿ ಪದವಿಪತ್ರವನ್ನು ಅಮ್ಮನ ಕೈಯಲ್ಲಿಟ್ಟೆ. ಓದು ಬಾರದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು.

"ಅವರ ಹೆಸರು ಎಲ್ಲುಂಟು, ತೋರ್ಸು."

ನನ್ನ ಹೆಸರಿನ ಹಿಂದಿದ್ದ, ಅಪ್ಪನ ಹೆಸರಿನ ಒಂದೇ ಒಂದು ಅಕ್ಷರದ ಮೇಲೆ ಬೆರಳಿಟ್ಟೆ. ಅಮ್ಮ ಆ ಅಕ್ಷರವನ್ನು ಬೆರಳಿನಿಂದ ಸವರಿದರು.

"ಸಾಕು ಬಿಡು," ಎಂದರು. "ಅವರು ಎಲ್ಲಿಯೂ ಹೆಚ್ಚು ಜಾಗ ಹಿಡಿದವರಲ್ಲ."